ಮಗಳ ಮನೆಯಲ್ಲಿ ಆರು ತಿಂಗಳು

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, ತನ್ನ ಮಗಳಿಗೆ ಅಮೆರಿಕದ ಸಂಬಂಧ ಕೂಡಿಬಂದಿದೆಯೆಂದು ತಿಳಿಸಿದ. "ಅಲ್ಲಿಗೆ ಹೋದ್ರೆ ಹುಡುಗಿ ಸುಖವಾಗಿರ್ತಾಳೆ ಅಲ್ವಾ ಸಾರ್?" ಎಂದು ಕೇಳಿದ. ಹೌದೆನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಅದರ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗಳನ್ನು ಚನ್ನರಾಯನದುರ್ಗದ ಕಡೆಯ ನಿಮ್ಮಲ್ಲಿ ಅನೇಕರು ಬಲ್ಲಿರಿ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಪ್ರೌಢಶಾಲೆಯಲ್ಲಿ ನಾಲ್ಕು ವರ್ಷ ಗಣಿತ ಕಲಿಸಿದವಳು. ಬೇಸಿಗೆ ರಜೆಯಲ್ಲಿ ನಮ್ಮ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಬೀಜಗಣಿತ ಹೇಳಿಕೊಡುತ್ತಿದ್ದಳು. 2009ರಲ್ಲಿ ಮದುವೆಯಾಗಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಬಳಿಗೆ ಹೋದಳು. ಅಳಿಯಂದಿರದು ಎಚ್-1ಬಿ ವೀಸಾ. ಅವಳದು ಅದನ್ನು ಅವಲಂಬಿಸಿದ ಎಚ್-4. ಆ ವೀಸಾದವರು ಓದಬಹುದಿತ್ತು, ಕಾರು ಓಡಿಸಬಹುದಿತ್ತು, ಸಂಬಳಕ್ಕೆ ದುಡಿಯುವಂತಿರಲಿಲ್ಲ. ನಾನಾಗಲಿ ನನ್ನ ಪತ್ನಿಯಾಗಲಿ ಇದನ್ನು ದೊಡ್ಡ ಸಂಗತಿಯೆಂದು ಎಣಿಸಲಿಲ್ಲ.

ಬೇಸಿಗೆಯಲ್ಲಿ ನಮಗೆ ಬೆಳಗಿನ ಎಂಟು ಗಂಟೆಯಾದರೆ ಅಲ್ಲಿ ಹಿಂದಿನ ರಾತ್ರಿ ಹತ್ತೂವರೆ. ಆ ಹೊತ್ತಿಗೆ ವಾರಕ್ಕೊಮ್ಮೆ ಮಾತನಾಡುತ್ತಿದ್ದಳು. ಒಮ್ಮೆ "ತುಂಬ ಬೇಜಾರು ಅಪ್ಪ" ಎಂದಳು. "ನೀರು ಹೊರೋ ಹಾಗಿಲ್ಲ, ಸೌದೆ ಒಡೆಯೋ ಹಾಗಿಲ್ಲ, ನಿನಗೇನಮ್ಮ ಕಷ್ಟ?" ಎಂದು ಗದರಿದೆ. ಆಮೇಲೆ ಅವಳು ಬೇಜಾರೆಂಬ ಮಾತನ್ನೇ ಎತ್ತಲಿಲ್ಲ. ಹೊಂದಿಕೊಂಡಳೆಂದು ನಾನು ಸಮಾಧಾನಪಟ್ಟೆ.

2012ರ ಏಪ್ರಿಲ್‌ನಲ್ಲಿ ನಾವಿಬ್ಬರೂ ಆರು ತಿಂಗಳಿಗೆಂದು ಅಲ್ಲಿಗೆ ಹೋದೆವು. ಊಟಕ್ಕೆ ತೊಂದರೆಯಿರಲಿಲ್ಲ, ಭಾರತೀಯರ ಅಂಗಡಿಯಲ್ಲಿ ರಾಗಿಹಿಟ್ಟು, ಹುರುಳಿಕಾಳು ಸಿಗುತ್ತಿದ್ದವು. ಆದರೆ ಬೆಳಗ್ಗೆ ಅಳಿಯಂದಿರು ಇದ್ದೊಂದು ಕಾರಿನಲ್ಲಿ ಕಚೇರಿಗೆ ಹೊರಟರೆ ಮನೆಯೇ ಲೋಕ. ಆ ಬಡಾವಣೆಗೆ ಬಸ್ಸಿಲ್ಲ, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಶಾಲೆಯ ಗಂಟೆಗೆ ತಕ್ಕಂತೆ ಮೂವತ್ತೈದು ವರ್ಷ ಬಾಳಿದ ನಾನು, ಎರಡನೆಯ ವಾರಕ್ಕೆಲ್ಲ ಕಿಟಕಿಯ ಬಳಿ ನಿಂತು ಅಂಚೆಯ ವಾಹನಕ್ಕಾಗಿ ಕಾಯತೊಡಗಿದೆ. ಅದರಲ್ಲಿ ನನಗೊಂದು ಕಾಗದವೂ ಬರುವುದಿಲ್ಲವೆಂದು ಗೊತ್ತಿತ್ತು.

ಒಂದು ಮಧ್ಯಾಹ್ನ ಅಡುಗೆಮನೆಯ ಕಪಾಟಿನಲ್ಲಿ ಚೌಕುಳಿ ಹಾಳೆಯ ಪುಸ್ತಕವೊಂದು ಸಿಕ್ಕಿತು. ಹತ್ತನೆಯ ತರಗತಿಯ ಲೆಕ್ಕಗಳು. ಪ್ರತಿ ಪುಟಕ್ಕೂ ದಿನಾಂಕ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಅವಳದೇ ಸರಿ ಗುರುತು. "ಏನಮ್ಮ ಇದು?" ಎಂದೆ. "ಕಲಿಸೋದು ಮರೆತು ಹೋಗ್ಬಾರದು ಅಂತ ಅಪ್ಪ" ಎಂದಳು.

ಅದೇ ವರ್ಷ ಅಟ್ಲಾಂಟಾದಲ್ಲಿ 'ಅಕ್ಕ' ವಿಶ್ವ ಕನ್ನಡ ಸಮ್ಮೇಳನ ನಡೆಯಿತು. ಎಲ್ಲಿ ನೋಡಿದರೂ ಕನ್ನಡದ ಮಾತು. ನನಗೆ ಹಬ್ಬವೇ ಆಯಿತು. ಊಟದ ಸಾಲಿನಲ್ಲಿ ಒಬ್ಬಾಕೆ ಪ್ರೀತಿಯಿಂದಲೇ ಮಗಳನ್ನು ಕೇಳಿದರು: "ನೀವೇನು ಮಾಡ್ತಾ ಇದ್ದೀರಿ?" "ಏನೂ ಇಲ್ಲ, ಮನೇಲೇ ಇದ್ದೀನಿ" ಎಂದು ಅವಳು ತಲೆತಗ್ಗಿಸಿದಳು. ತರಗತಿಯ ಮುಂದೆ ಎಂದೂ ತಲೆತಗ್ಗಿಸಿದವಳಲ್ಲ.

ನಾವು ಹಿಂದಿರುಗುವ ಮುನ್ನ ಸಮೀಪದ ಸ್ಟೋನ್ ಮೌಂಟನ್‌ಗೆ ಹೋಗಿದ್ದೆವು. ಸುತ್ತಲ ನೆಲದಿಂದ ಸುಮಾರು 825 ಅಡಿ ಎತ್ತರದ ಬೋಳು ಕಲ್ಲುಬಂಡೆ. ಹತ್ತುವ ದಾರಿ ಒಂದು ಮೈಲಿ. ಮಧುಗಿರಿಯ ಏಕಶಿಲಾ ಬೆಟ್ಟದ ಮುಂದೆ ಅದು ಕಿರಿದೇ. ಆದರೂ ಕಾಲಿಗೆ ಬಂಡೆ ತಗುಲಿದೊಡನೆ ಇಬ್ಬರಿಗೂ ಊರು ನೆನಪಾಯಿತು. ಅರ್ಧ ದಾರಿಯಲ್ಲಿ ಕುಳಿತು, "ಅವತ್ತು ನಿನ್ನನ್ನು ಗದರಬಾರದಾಗಿತ್ತು" ಎಂದೆ. ಅವಳು ಬಹಳ ಹೊತ್ತು ಅತ್ತಳು. ಬಳಿಕ, "ನೀವು ಒಂದು ಸಲ ಕೇಳಿದ್ರೆ ಸಾಕಾಗಿತ್ತು ಅಪ್ಪ" ಎಂದಳು.

2015ರ ಮೇ 26ರಿಂದ ಅಲ್ಲಿನ ನಿಯಮ ಬದಲಾಯಿತು. ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ನಿಗದಿತ ಹಂತ ದಾಟಿದ್ದರೆ ಎಚ್-4ರವರೂ ಕೆಲಸದ ಅನುಮತಿ ಕೇಳಬಹುದಾಯಿತು. ಎಲ್ಲರಿಗೂ ಅದು ಒದಗಲಿಲ್ಲ; ನನ್ನ ಮಗಳಿಗೆ ಒದಗಿತು. ನಮ್ಮ ಪದವಿಗಳ ಮೌಲ್ಯಮಾಪನ ಮಾಡಿಸಿ, ಅಲ್ಲಿನ ಪರೀಕ್ಷೆಗಳನ್ನು ಬರೆದು, ಮೊದಲು ಬದಲಿ ಶಿಕ್ಷಕಿಯಾಗಿ, ಆನಂತರ ಪೂರ್ಣಕಾಲದ ಗಣಿತ ಶಿಕ್ಷಕಿಯಾಗಿ ಶಾಲೆ ಸೇರಿದಳು. ಮೊದಲ ದಿನದ ಪಾಠ ಮುಗಿಸಿ ಫೋನ್ ಮಾಡಿದಾಗ ಅವಳ ದನಿ ಹಳೆಯ ಜಗಲಿಯ ದನಿಯಾಗಿತ್ತು.

ಪರದೇಶದ ಚಳಿಗೆ ಕೋಟು ಸಿಗುತ್ತದೆ, ನಾಲಿಗೆಗೆ ಮುದ್ದೆ ಸಿಗುತ್ತದೆ. ಕಲಿತ ಕಸುಬು ಕೈತಪ್ಪಿ, ತಾನು ಯಾರಿಗೂ ಬೇಡವೆನ್ನಿಸಿದಾಗ ಹೊಂದಿಕೊಳ್ಳುವುದೇ ಕಷ್ಟ. ಆ ವಿದ್ಯಾರ್ಥಿಗೆ ಹೀಗೆಂದೆ: "ಹುಡುಗನ ಸಂಬಳ ಕೇಳಿದ್ದೀಯ, ಸರಿ. ನಿನ್ನ ಮಗಳು ಅಲ್ಲಿ ಏನು ಮಾಡಬಹುದು ಅಂತಲೂ ಕೇಳಪ್ಪ. ಹೋದ ಮೇಲೆ ಅವಳು ಬೇಜಾರು ಅಂದರೆ, ಗದರಬೇಡ."