ಮಗ್ಗ ಯಾರದು, ಮಾತು ಯಾರದು?

ಪಡಸಾಲೆಯ ಚರ್ಚೆ ಬಿಸಿಯೇರಿದಾಗ ಸಮಾಜವಾದ, ಕಮ್ಯೂನಿಸಂ, ಫ್ಯಾಸಿಸಂ ಎಂಬ ಮೂರು ಹೆಸರುಗಳೂ ಬೈಗುಳಗಳಾಗಿಬಿಡುವುದುಂಟು. ತನಗೆ ಸೇರದ ಹೆಸರನ್ನು ಎದುರಾಳಿಯ ಹಣೆಗೆ ಅಂಟಿಸಿದರೆ ವಾದ ಗೆದ್ದಂತೆಯೇ ಎಂದು ಮನುಷ್ಯ ಭಾವಿಸುತ್ತಾನೆ. ಆದರೆ ಅವು ಮೂರು ಬೇರೆ ಬೇರೆ ವ್ಯವಸ್ಥೆಗಳು. ಅವುಗಳ ಅಂತರವನ್ನರಿಯಲು ರೋಮಿಗೋ ಮಾಸ್ಕೋಗೋ ಹೋಗಬೇಕಾಗಿಲ್ಲ. ಬಾದಾಮಿಯ ಸೀಮೆಯಲ್ಲಿ ಖಣಕ್ಕೆ ಹೆಸರಾದ ಗುಳೇದಗುಡ್ಡದ, ಇಲ್ಲವೆ ಸೀರೆಗೆ ಹೆಸರಾದ ಇಳಕಲ್ಲಿನ ಒಂದು ಮಗ್ಗದ ಮುಂದೆ ನಿಂತರೆ ಸಾಕು.

ಇಳಕಲ್ಲಿನ ನೇಕಾರ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾನೆ. ಅವನ ಬಾಳಿಗೂ ಎರಡು ಹಾಸುಗಳಿವೆ: ಒಂದು ಅನ್ನ, ಇನ್ನೊಂದು ಮಾತು. ಮಾಲೀಕನಿಂದ ನೂಲು ಪಡೆದು ಕೂಲಿಗೆ ನೇಯುವವರು ಅಲ್ಲಿ ಅನೇಕರು. ದುಡಿಮೆಯ ಲಾಭ ಯಾರಿಗೆ ಎಂಬುದು ಮೊದಲ ಪ್ರಶ್ನೆ. ಕೂಲಿ ಸಾಲದೆಂದು ನೇಕಾರ ನಿರ್ಭಯವಾಗಿ ಹೇಳಬಹುದೇ ಎಂಬುದು ಎರಡನೆಯದು.

ಪ್ರಜಾಸತ್ತಾತ್ಮಕ ಸಮಾಜವಾದವು ಎರಡನ್ನೂ ಕೂಡಿಸಲು ಹವಣಿಸುತ್ತದೆ. ಅದರ ಒಂದು ದಾರಿ ಸಹಕಾರ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದು ಯಾವ ವಾದದ ಹೆಸರಿನಲ್ಲಿಯೂ ಅಲ್ಲ. ಆದರೂ ಬಂಡವಾಳ ಹಲವರದು, ಮತ ಒಬ್ಬನಿಗೆ ಒಂದೇ ಎಂಬ ಸಹಕಾರ ತತ್ತ್ವದಲ್ಲಿ ಈ ಹವಣಿಕೆಯ ತಿರುಳಿದೆ.

ಕಮ್ಯೂನಿಸಂ ಇನ್ನೂ ಮುಂದೆ ಹೋಗಿ, ಉತ್ಪಾದನೆಯ ಸಾಧನಗಳೆಲ್ಲ ಸಮಾಜದ ಸೊತ್ತಾಗಬೇಕೆಂದಿತು. ಗುರಿ ಸಮಾನತೆಯೇ. ಆದರೆ 1917ರ ಕ್ರಾಂತಿಯ ಬಳಿಕ ರಷ್ಯದಲ್ಲಿ ಸಮಾಜದ ಹೆಸರಿನಲ್ಲಿ ಒಂದೇ ಪಕ್ಷ ಮಾತನಾಡತೊಡಗಿತು. ಬಲವಂತದ ಸಾಮೂಹಿಕ ಬೇಸಾಯದ ಬೆನ್ನಿಗೆ ಬಂದ 1932–33ರ ಕ್ಷಾಮದಲ್ಲಿ ಲಕ್ಷಾಂತರ ಜನ ಮಡಿದರು. ಮಗ್ಗ ಎಲ್ಲರದೆಂದು ಹೇಳಿ ಮಾತನ್ನು ಕೆಲವರೇ ಇಟ್ಟುಕೊಂಡರೆ ಆಗುವ ಅನಾಹುತವಿದು.

ಫ್ಯಾಸಿಸಂ ಸಮಾನತೆಯ ಆಸೆಯನ್ನೇ ತೋರಿಸಲಿಲ್ಲ. ಕೆಲವರು ಆಳಲೆಂದೂ ಉಳಿದವರು ವಿಧೇಯರಾಗಿರಲೆಂದೂ ಹುಟ್ಟಿದ್ದಾರೆಂಬುದೇ ಅದರ ನಂಬಿಕೆ. 1922ರಲ್ಲಿ ಅಧಿಕಾರಕ್ಕೇರಿದ ಮುಸೊಲಿನಿ ಕಾರ್ಖಾನೆಗಳನ್ನು ಮಾಲೀಕರಿಗೇ ಬಿಟ್ಟನು. 1926ರಲ್ಲಿ ಮುಷ್ಕರವನ್ನು ನಿಷೇಧಿಸಿದನು. ಜರ್ಮನಿಯಲ್ಲಿ ಹಿಟ್ಲರನ ಕಡೆಯವರು 1933ರ ಮೇ 2ರಂದು ಕಾರ್ಮಿಕ ಸಂಘಗಳ ಕಚೇರಿಗಳನ್ನೇ ವಶಪಡಿಸಿಕೊಂಡರು. ಮೊದಲು ಸೆರೆ ಸೇರಿದವರಲ್ಲಿ ಕಮ್ಯೂನಿಸ್ಟರೂ ಸಮಾಜವಾದಿಗಳೂ ಇದ್ದರು. ಜನಾಂಗ ದ್ವೇಷವನ್ನೇ ರಾಜ್ಯಧರ್ಮವಾಗಿಸಿದ ಆ ಆಳ್ವಿಕೆ ಕಡೆಗೆ ಸುಮಾರು 60 ಲಕ್ಷ ಯಹೂದ್ಯರನ್ನು ಕೊಂದಿತು. ಆದುದರಿಂದ ಮೂರೂ ಒಂದೇ ಎನ್ನುವುದು ಅವಿವೇಕ. ಗುರಿ ಒಳ್ಳೆಯದಿದ್ದಲ್ಲಿ ಬಾಯಿ ಕಟ್ಟಿದರೂ ತಪ್ಪಿಲ್ಲ ಎನ್ನುವುದು ಇನ್ನೂ ದೊಡ್ಡ ಅವಿವೇಕ.

ಭಾರತವೂ ಈ ಪಾಠವನ್ನು ಕಲಿತಿದೆ. ಸಂವಿಧಾನದ ಪೀಠಿಕೆಯಲ್ಲಿ ‘ಸಮಾಜವಾದಿ’ ಎಂಬ ಪದ ಸೇರಿದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ. ಆಗ ಪತ್ರಿಕೆಗಳಿಗೆ ಮೂಗುದಾರ ಬಿದ್ದಿತ್ತು. ಸಮಾಜವಾದಿ ನಾಯಕರನೇಕರು ಸೆರೆಯಲ್ಲಿದ್ದರು. ಪದ ಒಳಗೆ ಬಂದಾಗ ಮಾತು ಹೊರಗಿತ್ತು. 1977ರಲ್ಲಿ ದೇಶದ ಮತದಾರರು ಆ ಮಾತನ್ನು ಮರಳಿ ಪಡೆದರು.

ವಾದಗಳ ಹೆಸರು ಬದಲಾಗಬಹುದು, ಬಾವುಟಗಳ ಬಣ್ಣ ಬದಲಾಗಬಹುದು. ಹೊಸದೊಂದು ವಾದ ಮನೆಬಾಗಿಲಿಗೆ ಬಂದಾಗ ಗೃಹಸ್ಥನು ಅದು ಕೊಡುವುದೇನೆಂದು ಕೇಳಲಿ. ಕೊಟ್ಟದ್ದು ಸಾಲದೆಂದವನನ್ನು ಅದು ಏನು ಮಾಡುತ್ತದೆಂಬುದನ್ನೂ ತಪ್ಪದೆ ಕೇಳಲಿ.