ಓಟ ಕಲಿಸಿದ ಪಾಠ

ಸಂಪಾದಕ ಮಿತ್ರರು ಈ ವರ್ಷದ ಸ್ಮರಣ ಸಂಚಿಕೆಗೆ ನನ್ನಿಂದ ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತ ಲೇಖನವನ್ನು ನಿರೀಕ್ಷಿಸಿದ್ದರೆ ಅದು ಸಹಜವೇ. ಇಷ್ಟು ವರ್ಷ ನಾನು ಅವರಿಗೆ ಕೊಡುತ್ತ ಬಂದದ್ದು ಅದನ್ನೇ. ಆದರೆ ಈ ಸಲ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಆ ತಪ್ಪು ಐವತ್ತಾರನೆಯ ವಯಸ್ಸಿನಲ್ಲಿ ನನ್ನನ್ನು ಓಟದ ದಾರಿಗೆ ಎಳೆದು ತಂದ ಬಗೆಯನ್ನು ವಾಚಕ ಮಹಾಶಯರಿಗೆ ನಿವೇದಿಸಬೇಕಾಗಿದೆ.

೨೦೨೨ರ ಮಾತು. ಒಂಬತ್ತನೆಯ ತರಗತಿಯ, ನಮ್ಮ ಪ್ರಸಾದ ನಿಲಯದಲ್ಲಿದ್ದ ಬಾಲಕನೊಬ್ಬನು ಪದ್ಯದ ಕಂಠಪಾಠವನ್ನು ಒಪ್ಪಿಸದೆ ತಲೆ ತಗ್ಗಿಸಿ ನಿಂತನು. “ಸರ್ರ, ಮೊಣಕಾಲ ಬ್ಯಾನಿ ರಾತ್ರಿ ನಿದ್ದಿ ಮಾಡಗೊಡವಲ್ದ್ರಿ” ಎಂದನು. “ಪದ್ಯ ಕೇಳಿದಾಗಲೇ ಬ್ಯಾನಿ ಬರತೈತೇನೋ?” ಎಂದು ನಾನು ಹಾಸ್ಯ ಮಾಡಿದೆನು, ತರಗತಿ ನಕ್ಕಿತು. ಆ ತಾಸು ಪೂರ್ತಿ ಅವನನ್ನು ನಿಲ್ಲಿಸಿದೆನು. ಅವನು ಒಂದೇ ಕಾಲಿನ ಮೇಲೆ ಭಾರ ಹಾಕಿ, ಗೋಡೆಗೆ ಬೆರಳೂರಿ ನಿಂತಿದ್ದುದನ್ನು ಕಂಡೂ ಕಾಣದವನಾದೆನು.

ಎರಡು ತಿಂಗಳ ಮೇಲೆ ಮೊಣಕಾಲಿನ ಬಾವು ಕಣ್ಣಿಗೆ ಕಾಣುವಷ್ಟಾದಾಗ ತಂದೆ ಅವನನ್ನು ಬೆಂಗಳೂರಿಗೆ ಕರೆದೊಯ್ದನು. ಅದು ಎಲುಬಿನ ಕ್ಯಾನ್ಸರು. ವೈದ್ಯರ ಮಾತಿನಲ್ಲಿ ಆಸ್ಟಿಯೋಸಾರ್ಕೋಮಾ. ಮಕ್ಕಳು ಎತ್ತರಕ್ಕೆ ಬೆಳೆಯುವ ವಯಸ್ಸಿನಲ್ಲಿ, ಎಲುಬು ವೇಗವಾಗಿ ಬೆಳೆಯುವ ಮೊಣಕಾಲಿನ ಆಸುಪಾಸಿನಲ್ಲಿಯೇ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದಂತೆ. ಮೊದಲು ಕೆಲವು ವಾರ ರಕ್ತನಾಳದ ಮೂಲಕ ತೀಕ್ಷ್ಣವಾದ ಔಷಧ, ಆಮೇಲೆ ಶಸ್ತ್ರಕ್ರಿಯೆ, ಮತ್ತೆ ತಿಂಗಳುಗಟ್ಟಲೆ ಔಷಧ. ಅನೇಕರಿಗೆ ಈಗ ಕಾಲನ್ನು ಉಳಿಸಿಕೊಂಡೇ ಚಿಕಿತ್ಸೆ ಮಾಡುವುದುಂಟು. ಇವನಿಗೆ ಆ ಭಾಗ್ಯವಿರಲಿಲ್ಲ. ನಾನು ನೋಡಹೋದಾಗ ತಲೆಯ ಕೂದಲೆಲ್ಲ ಉದುರಿದ್ದ ಆ ಹುಡುಗ ನನ್ನನ್ನು ಕಂಡೊಡನೆ ಏಳಲು ಹವಣಿಸಿ, “ಸರ್ರ, ಆ ಪದ್ಯ ಬಾಯಿಪಾಠ ಆಗೇತ್ರಿ. ಕುಂತು ಹೇಳಲೇನ್ರಿ?” ಎಂದನು. ಆ ಮಾತಿಗೆ ಉತ್ತರ ಹೇಳುವ ಶಕ್ತಿ ನನ್ನ ಯಾವ ವಿದ್ವತ್ತಿನಲ್ಲಿಯೂ ಇರಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಚಾಪೆ ಹಾಸಿಕೊಂಡಿದ್ದ ತಾಯಿತಂದೆಗಳನ್ನು ಕಂಡೆನು. ಔಷಧದ ವೆಚ್ಚಕ್ಕೆ ಸರಕಾರದ ನೆರವು ಒದಗಿದರೂ ಹೋಗಿಬರುವ ಖರ್ಚು, ಬಾಡಿಗೆಯ ಕೋಣೆ, ಬಿಟ್ಟುಬಂದ ಕೂಲಿ ಇವು ಬಡವನ ಬೆನ್ನು ಮುರಿಯುತ್ತವೆ. ಗುಣವಾಗಬಹುದಾದ ಮಕ್ಕಳು ಕೂಡ ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಊರಿಗೆ ಮರಳುವುದು ಇದರಿಂದಲೇ.

ಈ ದುಃಖವನ್ನು ನಮ್ಮ ದೈಹಿಕ ಶಿಕ್ಷಕರ ಮುಂದೆ ತೋಡಿಕೊಂಡಾಗ ಅವರು ಕೆನಡಾ ದೇಶದ ಟೆರ‍್ರಿ ಫಾಕ್ಸನ ಕಥೆಯನ್ನು ಹೇಳಿದರು. ಅವನಿಗೂ ಇದೇ ರೋಗ. ೧೯೭೬ರ ಕಾರಿನ ಅಪಘಾತದಲ್ಲಿ ಮೊಣಕಾಲಿಗೆ ಪೆಟ್ಟಾಗಿತ್ತು. ಆಮೇಲಿನ ನೋವನ್ನು ಬಾಸ್ಕೆಟ್‌ಬಾಲ್ ಆಟದ ಮೋಹದಲ್ಲಿ ಅವನೇ ಅಲಕ್ಷಿಸಿದನು. ೧೯೭೭ರ ಮಾರ್ಚಿಯಲ್ಲಿ, ಹದಿನೆಂಟರ ಹರೆಯದಲ್ಲಿ, ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಿದರು. ಆಸ್ಪತ್ರೆಯಲ್ಲಿ ಕಂಡ ಎಳೆಯ ರೋಗಿಗಳ ಸಂಕಟ ಅವನನ್ನು ಕಾಡಿತು. ಸಂಶೋಧನೆಗೆ ಹಣ ಕೂಡಿಸಲು ದೇಶವನ್ನೇ ಓಡಿ ದಾಟುವೆನೆಂದು ಸಂಕಲ್ಪಿಸಿದನು. ೧೯೮೦ರ ಏಪ್ರಿಲ್ ೧೨ರಂದು ಅಟ್ಲಾಂಟಿಕ್ ಸಮುದ್ರದಲ್ಲಿ ಕೃತಕ ಕಾಲನ್ನು ಅದ್ದಿ ಹೊರಟವನು ೧೪೩ ದಿನಗಳಲ್ಲಿ ೫,೩೭೩ ಕಿಲೋಮೀಟರು ಕ್ರಮಿಸಿದನು. ರೋಗ ಶ್ವಾಸಕೋಶಕ್ಕೆ ಹರಡಿ ಓಟ ನಿಂತಿತು. ೧೯೮೧ರ ಜೂನ್ ೨೮ರಂದು ಅವನು ತೀರಿಕೊಂಡನು. ಅಷ್ಟರಲ್ಲಿ ದೇಶದ ಪ್ರಜೆಯೊಬ್ಬನಿಗೆ ಒಂದು ಡಾಲರಿನ ಲೆಕ್ಕದಲ್ಲಿ ೨ ಕೋಟಿ ೪೦ ಲಕ್ಷಕ್ಕೂ ಮಿಕ್ಕಿ ಡಾಲರು ಕೂಡಿತ್ತು.

ಈ ಯಶಸ್ಸಿಗಿಂತ ನನ್ನ ಮನಸ್ಸನ್ನು ಹಿಡಿದದ್ದು ಅದರ ಹಿಂದಿನ ಅಭ್ಯಾಸ. ಹದಿನಾಲ್ಕು ತಿಂಗಳಲ್ಲಿ ಅವನು ಓಡಿ ರೂಢಿಸಿದ್ದು ೫,೦೦೦ ಕಿಲೋಮೀಟರು. ಕಾಲಿನ ತುಂಡು ಕೃತಕ ಕಾಲಿಗೆ ಉಜ್ಜಿ ರಕ್ತ ಬರುತ್ತಿತ್ತು. ೧೦೧ ದಿನ ಬಿಡುವಿಲ್ಲದೆ ಓಡಿ, ತಾಯಿಯ ಮಾತಿಗಾಗಿ ಕ್ರಿಸ್‌ಮಸ್ ದಿನ ಒಮ್ಮೆ ವಿಶ್ರಮಿಸಿದನು. ೧೯೭೯ರ ಪಂದ್ಯವೊಂದರಲ್ಲಿ ಎಲ್ಲರಿಗಿಂತ ಕೊನೆಯವನಾಗಿ ಬಂದನು. ಅದೇ ಅವನಿಗೆ ಧೈರ್ಯ ಕೊಟ್ಟಿತು. ನಿತ್ಯಪಾಠದ ಮಹಿಮೆಯನ್ನು ಶಿಷ್ಯರಿಗೆ ಬೋಧಿಸುತ್ತ ಬಂದ ನನಗೆ ಇಲ್ಲೊಬ್ಬ ಗುರು ದೊರೆತನು.

೨೦೨೪ರ ಜೂನ್‌ನಲ್ಲಿ ನಾನೂ ಆರಂಭಿಸಿದೆನು. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆಯಲಿದ್ದ ಅರೆ ಮ್ಯಾರಥಾನ್, ಅಂದರೆ ೨೧ ಕಿಲೋಮೀಟರಿನ ಓಟ, ಗುರಿಯಾಯಿತು. ವೈದ್ಯರು ಹೃದಯವನ್ನು ಪರೀಕ್ಷಿಸಿ ಒಪ್ಪಿಗೆಯಿತ್ತರು. ಬೆಳಗಿನ ಐದಕ್ಕೆ ಕೆರೆಯ ಏರಿಯ ಮೇಲೆ ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ. ಇದೇ ಮೊದಲ ಪಾಠ. ವಾರಕ್ಕೊಮ್ಮೆ ದೀರ್ಘ ಓಟ, ಒಂದು ದಿನ ಪೂರ್ಣ ವಿಶ್ರಾಂತಿ; ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕೆಂಬುದು ಶಿಕ್ಷಕರ ಕಟ್ಟಪ್ಪಣೆ. ಮಗ್ಗಿ ಬಾರದವನಿಗೆ ಬೀಜಗಣಿತವೆಲ್ಲಿಯದು! ಧೋತರ ಬಿಟ್ಟು ಚಡ್ಡಿ ತೊಟ್ಟ ಪಂಡಿತರನ್ನು ಕಂಡು ಪ್ರಸಾದ ನಿಲಯದ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಂದು ತರಗತಿ ನಕ್ಕಾಗ ಆ ಬಾಲಕನಿಗೆ ಹೇಗಾಗಿರಬೇಕೆಂಬುದು ಆಗ ತಿಳಿಯಿತು. ಮೂರನೆಯ ತಿಂಗಳಲ್ಲಿ ನನ್ನ ಮೊಣಕಾಲೂ ನೋಯಿತು. ಎರಡು ವಾರ ಓಟ ನಿಲ್ಲಿಸಿದೆನು. ನನ್ನ ನೋವನ್ನು ಎಲ್ಲರೂ ನಂಬಿದರು.

ಹಳೆಯ ವಿದ್ಯಾರ್ಥಿಗಳಿಗೆ ಕಾಗದ ಬರೆದು, ನಾನು ಓಡುವ ಒಂದೊಂದು ಕಿಲೋಮೀಟರಿಗೂ ಯಥಾಶಕ್ತಿ ಕಾಣಿಕೆ ಬೇಡಿದೆನು. ನಿಲಯದ ಅಡುಗೆಯಾಕೆ ಕಿಲೋಮೀಟರಿಗೆ ಐದು ರೂಪಾಯಿಯಂತೆ ನೂರೈದು ರೂಪಾಯಿಗಳನ್ನು ಮುಂಗಡವಾಗಿಯೇ ಕೊಟ್ಟು, “ಅರ್ಧಾ ಓಡಿ ಬಂದ್ರ ತಿರುಗಿ ಕೇಳಂಗಿಲ್ರಿ” ಎಂದಳು. ಒಟ್ಟು ೩,೧೮,೦೦೦ ರೂಪಾಯಿ ಕೂಡಿತು. ಅದು ಚಿಕಿತ್ಸೆಗೆ ಬರುವ ಮಕ್ಕಳ ಮನೆಯವರ ವಸತಿಗೂ ಪ್ರಯಾಣಕ್ಕೂ ಸಂದಿದೆ. ಲೆಕ್ಕಪತ್ರ ಶಾಲೆಯ ಕಚೇರಿಯಲ್ಲಿದೆ.

ಓಟದ ದಿನ ಕೊನೆಯ ನಾಲ್ಕು ಕಿಲೋಮೀಟರನ್ನು ನಡೆದೇ ಮುಗಿಸಿದೆನು. ನಾನು ಮುಟ್ಟುವಾಗ ಕೆಲಸಗಾರರು ಕಮಾನನ್ನು ಬಿಚ್ಚತೊಡಗಿದ್ದರು. ಪಕ್ಕದಲ್ಲಿ ತಂದೆಯೊಡನೆ ಬೆಳಗಿನಿಂದ ಕಾದು ಕುಳಿತಿದ್ದ ಆ ಹುಡುಗ ಕೃತಕ ಕಾಲೂರಿ ಎದ್ದು, ತಾನು ಕುಳಿತಿದ್ದ ಕುರ್ಚಿಯನ್ನು ನನ್ನತ್ತ ಸರಿಸಿ, “ಸರ್ರ, ಕುಂದರ್ರಿ” ಎಂದನು. ನಾನು ಕುಳಿತೆನು. ಅವನು ನಿಂತೇ ಇದ್ದನು.

ದಾನಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಈ ದಾಸೋಹ ಒಂದು ವರ್ಷಕ್ಕೆ ನಿಲ್ಲದಿರಲಿ. ಸಹೋದ್ಯೋಗಿ ಶಿಕ್ಷಕ ಬಂಧುಗಳಲ್ಲಿ ಇನ್ನೊಂದು ಮಾತು: ಮಗುವೊಂದು ಎಲುಬಿನ ನೋವು ರಾತ್ರಿ ಎಬ್ಬಿಸುತ್ತದೆಂದರೆ, ಕುಂಟಿದರೆ, ಬಾವು ಇಳಿಯದಿದ್ದರೆ ನೆಪವೆನ್ನಬೇಡಿರಿ. ಅಂಥ ನೋವುಗಳಲ್ಲಿ ಹೆಚ್ಚಿನವು ಸಾಮಾನ್ಯವಾದವೇ. ಆದರೂ ವೈದ್ಯರು ನೋಡಿ ಕ್ಷಕಿರಣದ ಚಿತ್ರ ತೆಗೆಸಲಿ. ಪದ್ಯವನ್ನು ನಾಳೆ ಒಪ್ಪಿಸಬಹುದು.