ಮಾಸ್ತರರಿಲ್ಲದ ನಿಲ್ದಾಣ

ಜಪಾನೆಂದೊಡನೆ ಬಾಣದಂತೆ ಧಾವಿಸುವ ಶಿಂಕಾನ್ಸೆನ್ ರೈಲು ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ನಾನು ಹೇಳಹೊರಟಿರುವುದಾದರೋ ವೇಗದ ಗಾಡಿಗಳು ತೊರೆದುಹೋದ ಪುಟ್ಟ ನಿಲ್ದಾಣವೊಂದರ ಸಂಗತಿ. ಅದರ ಹೆಸರು ಶಿಮೊನಾದ. ಶಿಕೊಕು ದ್ವೀಪದ ಎಹಿಮೆ ಪ್ರಾಂತದ ಕಡಲತಡಿಯಲ್ಲಿದೆ.

ಮತ್ಸುಯಾಮ ನಗರದಿಂದ ಅಲ್ಲಿಗೆ ಸುಮಾರು ಒಂದು ಗಂಟೆಯ ಪ್ರಯಾಣ. ಡೀಸೆಲಿನಿಂದ ಓಡುವ ಒಂದೇ ಡಬ್ಬಿಯ ಗಾಡಿ. ಚಾಲಕನೇ ಗಾರ್ಡು, ಅವನೇ ಟಿಕೆಟ್ ಕಲೆಕ್ಟರು. ಇಯೊ ಪಟ್ಟಣವನ್ನು ದಾಟಿ ಸ್ವಲ್ಪ ಹೊತ್ತಿನಲ್ಲಿ ಬಲಗಡೆಯ ಕಿಟಕಿಯ ತುಂಬ ಸೆತೊ ಒಳಗಡಲು ತೆರೆದುಕೊಂಡಿತು. ಶಿಮೊನಾದದಲ್ಲಿ ಚಾಲಕನಿಗೆ ಟಿಕೆಟನ್ನೊಪ್ಪಿಸಿ ಇಳಿದೆ. ಗಾಡಿ ಮುಂದೆ ಹೋಗಿ ಮರೆಯಾಯಿತು. ಮಾಸ್ತರರಿಲ್ಲ, ಪೋರ್ಟರನಿಲ್ಲ. ಮರದ ಪುಟ್ಟ ಕಟ್ಟಡ, ಒಂದೇ ಪ್ಲಾಟ್‌ಫಾರಂ, ಅದರ ಮೇಲೆ ಸಣ್ಣದೊಂದು ಚಾವಣಿ, ಕೂರಲು ಬೆಂಚು. ಎದುರಿಗೆ ಅಪಾರವಾದ ನೀಲಿ.

ಈ ನಿಲ್ದಾಣ ತೆರೆದದ್ದು 1935ರಲ್ಲಿ. ಆಗ ಸಮುದ್ರ ಇನ್ನೂ ಹತ್ತಿರವಿತ್ತು. ಈಗ ನಡುವೆ ಹೆದ್ದಾರಿಯೊಂದು ಹಾದಿದೆ. 1986ರಲ್ಲಿ ಒಳನಾಡಿನ ಬೆಟ್ಟಗಳ ಮೂಲಕ ಹತ್ತಿರದ ದಾರಿ ಸಿದ್ಧವಾಯಿತು. ಎಕ್ಸ್‌ಪ್ರೆಸ್ ಗಾಡಿಗಳೆಲ್ಲ ಅತ್ತ ತಿರುಗಿದವು. ಕಡಲ ದಾರಿಗೆ ಉಳಿದದ್ದು ಊರೂರಿಗೆ ನಿಲ್ಲುವ ಕೆಲವೇ ಗಾಡಿಗಳು. ನಿಲ್ದಾಣದಲ್ಲಿ ಸಿಬ್ಬಂದಿಯೂ ಉಳಿಯಲಿಲ್ಲ.

ಊರವರು ಮಾತ್ರ ಕೈಕಟ್ಟಿ ಕೂರಲಿಲ್ಲ. ಪ್ಲಾಟ್‌ಫಾರಮನ್ನೇ ವೇದಿಕೆಯಾಗಿಸಿ, ಸೂರ್ಯಾಸ್ತದ ಹೊತ್ತಿಗೆ ಸಂಗೀತ ಕಚೇರಿ ಏರ್ಪಡಿಸಿದರು. 1990ರ ದಶಕದ ಕೊನೆಯಲ್ಲಿ ರೈಲ್ವೆಯವರ ಅಗ್ಗದ ರಜಾ ಟಿಕೆಟಿನ ಭಿತ್ತಿಪತ್ರಗಳಲ್ಲಿ ಈ ಬೆಂಚು, ಈ ಕಡಲು ಕಾಣಿಸಿಕೊಂಡವು. 2014ರಲ್ಲಿ ಆರಂಭವಾದ ವಿಹಾರದ ರೈಲೂ ಇಲ್ಲಿ ಕೆಲವು ನಿಮಿಷ ನಿಲ್ಲತೊಡಗಿತು. ವೇಗವು ಬೇಡವೆಂದದ್ದನ್ನು ಸೌಂದರ್ಯ ಕೈಹಿಡಿಯಿತು.

ಆದರೆ ಸೌಂದರ್ಯದಿಂದಲೇ ರೈಲು ಓಡೀತೆ? ಆ ಸಂಜೆ ಅಲ್ಲಿ ನೆರೆದಿದ್ದವರಲ್ಲಿ ಹೆಚ್ಚಿನವರು ಕಾರಿನಲ್ಲಿ ಬಂದಿದ್ದರು. ಸೂರ್ಯ ಮುಳುಗಿತು; ಚಿತ್ರಗಳನ್ನು ತೆಗೆದುಕೊಂಡು ಒಬ್ಬೊಬ್ಬರಾಗಿ ಕಾರುಗಳಿಗೆ ಮರಳಿದರು. ಗಾಡಿ ಬಂದಾಗ ಪ್ಲಾಟ್‌ಫಾರಂ ಮೇಲಿದ್ದವರು ನಾನು, ಮತ್ತೆ ಕೈಚೀಲ ಹಿಡಿದ ಒಬ್ಬ ಅಜ್ಜಿ, ಇಬ್ಬರೇ.

ಹಿಂಬಾಗಿಲಿನಿಂದ ಹತ್ತಿ ನೇರವಾಗಿ ಆಸನದತ್ತ ನಡೆದೆ. ಅಜ್ಜಿ ನನ್ನ ತೋಳು ಮುಟ್ಟಿ ಬಾಗಿಲ ಬಳಿಯ ಪೆಟ್ಟಿಗೆಯನ್ನು ತೋರಿಸಿದರು. ಹತ್ತಿದ ನಿಲ್ದಾಣದ ಗುರುತಿಗೆ ಅಲ್ಲಿ ಅಂಕಿಯ ಚೀಟಿ ತೆಗೆದುಕೊಳ್ಳಬೇಕು. ಇಳಿಯುವಾಗ ಅದರಂತೆ ಹಣ ತೆರಬೇಕು. ಎಲ್ಲಿ ಹತ್ತಿದಿರೆಂದು ಕೇಳುವವರು ಶಿಮೊನಾದದಲ್ಲಿ ಯಾರೂ ಇರಲಿಲ್ಲ. ಚೀಟಿ ತೆಗೆದುಕೊಂಡೆ. ಅಜ್ಜಿ ತಲೆದೂಗಿ ಕುಳಿತರು.

ಎರಡು ನಿಲ್ದಾಣಗಳಾಚೆ ಅವರು ನಾಣ್ಯಗಳನ್ನೆಣಿಸಿ ಪೆಟ್ಟಿಗೆಗೆ ಹಾಕಿ, ಚಾಲಕನಿಗೆ ನಮಸ್ಕರಿಸಿ ಇಳಿದುಹೋದರು. ಆ ನಿಲ್ದಾಣವನ್ನು ಇಂದಿಗೂ ಕಾಯುತ್ತಿರುವವರು ಯಾರೆಂಬುದು ನನಗಾಗ ತಿಳಿಯಿತು.